ಕೊಳಕ್ಕೆ ಮಣ್ಣು

ಹ್ಯಾಡ್ಲಿ ಊರಿನ ಈಜುಕೊಳವನ್ನು ತೋಡಿದವರು ಕರಿಯರು. ನಲವತ್ತು ಜನ. ನಲವತ್ತೆಂಟನೇ ಇಸವಿಯ ಬೇಸಿಗೆ. ಮಿಸ್ಸಿಸಿಪ್ಪಿಯ ಕೆಂಪು ಜೇಡಿಮಣ್ಣು ನೆನೆದರೆ ಅಂಟು, ಒಣಗಿದರೆ ಕಲ್ಲು. ಪುರಸಭೆಯವರ ಹತ್ತಿರ ಯಂತ್ರ ಇರಲಿಲ್ಲ ಅಂತಲ್ಲ, ಯಂತ್ರಕ್ಕಿಂತ ಕರಿಯರ ತೋಳು ಅಗ್ಗವಾಗಿತ್ತು. ಐಸಮ್ ಪಿಕೆಟ್ ಆ ನಲವತ್ತರಲ್ಲಿ ಒಬ್ಬ. ಆಗ ಅವನಿಗೆ ಇಪ್ಪತ್ತೊಂಬತ್ತು. ಅಂಗೈ ಚರ್ಮ ಸುಲಿದು, ಹೊಸ ಚರ್ಮ ಬಂದು, ಅದೂ ಸುಲಿಯಿತು. ಆಗಸ್ಟಿನ ಒಂದು ಮಧ್ಯಾಹ್ನ ಮುದುಕನೊಬ್ಬ ಗುಂಡಿಯಲ್ಲೇ ಬಿದ್ದು ಸತ್ತ. ಅವನನ್ನು ಮೇಲೆಳೆದು ನೆರಳಿಗೆ ಹಾಕಿದರು. ಮೇಸ್ತ್ರಿ ಸಿಳ್ಳೆ ಹಾಕಿದ. ಉಳಿದವರು ಮತ್ತೆ ಇಳಿದರು.

ಮರುವರ್ಷ ಜುಲೈ ನಾಲ್ಕಕ್ಕೆ, ದೇಶದ ಸ್ವಾತಂತ್ರ್ಯದ ದಿನ, ಬ್ಯಾಂಡು ಬಾರಿಸಿ ಕೊಳ ತೆರೆದರು. ತೋಡಿದವರು ಬೇಲಿಯಾಚೆ ನಿಂತು ನೋಡಿದರು. ಬೇಲಿ ನೆಟ್ಟವರೂ ಅವರೇ.

"ನೋಡ್ದೇನೋ ಐಸಮ್" ಅಂದ ಪಕ್ಕದಲ್ಲಿದ್ದ ಟಾಲಿವರ್. "ಅದರಲ್ಲಿ ಅರ್ಧ ನೀರಲ್ಲ ಕಣೋ, ನಮ್ಮ ಬೆವರು. ಬಿಳೀರ ಮಕ್ಳು ನಮ್ಮ ಬೆವರಲ್ಲಿ ಮುಳುಗಿ ಮುಳುಗಿ ಏಳ್ತಾವೆ. ಯಾರೂ ಹೇಳ್ಬೇಡ್ರಪ್ಪಾ ಅವಕ್ಕೆ!"

ಎಲ್ಲರೂ ನಕ್ಕರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಆಮೇಲೆ ಐಸಮ್‌ಗೆ ಕೊಳ ತೊಳೆಯುವ ಕೆಲಸ ಸಿಕ್ಕಿತು. ಪುರಸಭೆ ಕೆಲಸ ಅಂದರೆ ಕೇರಿಯಲ್ಲಿ ದೊಡ್ಡ ಮಾತು. ಪ್ರತಿ ಸೋಮವಾರ ನೀರು ಬಿಟ್ಟು ಕೊಳ ಬರಿದು ಮಾಡುತ್ತಿದ್ದರು. ಐಸಮ್ ಮೊಣಕಾಲೂರಿ, ಬ್ಲೀಚಿಂಗ್ ಪೌಡರ್ ಎರಚಿ, ತಳ ಮತ್ತು ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಕಣ್ಣು ಉರಿಯುತ್ತಿತ್ತು. ಬೆರಳ ಸಂದಿ ಬಿರಿಯುತ್ತಿತ್ತು. ಉಳಿದ ದಿನ ಉದ್ದ ಕೋಲಿನ ಬಲೆಯಿಂದ ಎಲೆ, ಹುಳ ಎತ್ತುವುದು. ಆ ನೀರಿಗೆ ಅವನ ಬಲೆ ಇಳಿಯಬಹುದು. ಅವನು ಇಳಿಯುವಂತಿಲ್ಲ. ಕೊಳದ ಉಸ್ತುವಾರಿ ಕ್ರೆನ್‌ಶಾ ಅವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಐಸಮ್ ಅವನಿಗೆ ದಣಿ ಅನ್ನಬೇಕು. ಅವನು ಐಸಮ್‌ಗೆ ಹುಡುಗ ಅನ್ನುತ್ತಿದ್ದ.

ಐಸಮ್‌ಗೂ ಅವನ ಹೆಂಡತಿ ಇಡೆಲಾಗೂ ಒಬ್ಬಳೇ ಮಗಳು. ಲವಿನಿಯಾ ಅಂತ ಹೆಸರು, ವೀನಿ ಅಂತ ಕರೆಯುತ್ತಿದ್ದರು. ಐವತ್ತಾರನೇ ಇಸವಿಯಲ್ಲಿ ಅವಳಿಗೆ ಹನ್ನೊಂದು. ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಬುತ್ತಿ ತರುವುದು ಅವಳ ಪಾಲಿನ ಕೆಲಸ. ತಗಡಿನ ಡಬ್ಬಿಯಲ್ಲಿ ಮುಸುಕಿನ ಜೋಳದ ರೊಟ್ಟಿ, ಅಲಸಂದೆ ಕಾಳು. ಪಂಪಿನ ಕೋಣೆಯ ಹಿಂದೆ ಇಬ್ಬರೂ ಕೂತು ತಿನ್ನುತ್ತಿದ್ದರು. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಜೂನ್ ತಿಂಗಳ ಒಂದು ದಿನ ಐಸಮ್ ಪಂಪು ರಿಪೇರಿ ಮಾಡುತ್ತಿದ್ದ. ವೀನಿ ಕಾದಳು. ಬಿಸಿಲಿಗೆ ಸಿಮೆಂಟು ಕಾದು ಕಾಲು ಸುಡುತ್ತಿತ್ತು, ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಊಟದ ಹೊತ್ತು, ನೀರಲ್ಲಿ ನಾಲ್ಕೈದು ಜನ ಅಷ್ಟೆ. ಅವಳು ಕೊಳದ ಮೆಟ್ಟಿಲ ಮೇಲೆ ಕೂತು ಎರಡೂ ಪಾದ ನೀರಿಗೆ ಬಿಟ್ಟಳು.

ಯಾರೋ ಹೆಂಗಸು ಕಿರುಚಿದಳು. ಕ್ರೆನ್‌ಶಾ ಸಿಳ್ಳೆ ಊದುತ್ತಾ ಓಡಿ ಬಂದ. "ಎಲ್ಲಾ ಮೇಲೆ ಬನ್ನಿ! ಮೇಲೆ ಬನ್ನಿ!" ಹಾವು ಬಿದ್ದರೆ ಕೂಗುವ ಹಾಗೆ ಕೂಗಿದ. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಟವೆಲು ಸುತ್ತಿದರು. ವೀನಿ ಎದ್ದು ನಿಂತಿದ್ದಳು. ಅವಳ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಲೇ ಹುಡುಗ" ಅಂದ ಕ್ರೆನ್‌ಶಾ ಐಸಮ್‌ಗೆ. "ಇದು ನಿನ್ನ ಮರಿಯೇನೋ?"

"ಹೌದು ದಣಿ."

"ಬುದ್ಧಿ ನೀನು ಕಲಿಸ್ತೀಯೋ, ಪೊಲೀಸರಿಗೆ ಹೇಳ್ಲೋ?"

ಪೊಲೀಸರು ಕರೆದುಕೊಂಡು ಹೋದ ಕರಿಯ ಹುಡುಗಿಯರು ಹೇಗೆ ವಾಪಸ್ಸು ಬರುತ್ತಾರೆ ಅನ್ನುವುದು ಐಸಮ್‌ಗೆ ಗೊತ್ತಿತ್ತು. ಅವನು ಮಗಳ ಕೆನ್ನೆಗೆ ಹೊಡೆದ. ಕ್ರೆನ್‌ಶಾ ನೋಡುತ್ತಲೇ ನಿಂತಿದ್ದ. ಇನ್ನೊಂದು ಹೊಡೆದ. ಮೆಲ್ಲಗೆ ಹೊಡೆದರೆ ಗೊತ್ತಾಗುತ್ತದೆ. ಜೋರಾಗಿಯೇ ಹೊಡೆದ.

ಅವಳು ಅಳಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು.

ಕೊಳದ ನೀರನ್ನೆಲ್ಲ ಬಿಟ್ಟರು. ಸೋಮವಾರ ಅಲ್ಲ ಅದು, ಗುರುವಾರ. ಅವಳು ಕಾಲಿಟ್ಟ ಮೆಟ್ಟಿಲನ್ನು ಐಸಮ್ ಮೂರು ಸಲ ಬ್ಲೀಚಿಂಗ್ ಹಾಕಿ ಉಜ್ಜಬೇಕಾಯಿತು. ಉಜ್ಜುವುದನ್ನು ಅವಳು ನಿಂತು ನೋಡಬೇಕು ಅಂತ ಕ್ರೆನ್‌ಶಾ ಅಪ್ಪಣೆ ಮಾಡಿದ. ಅವಳು ನಿಂತು ನೋಡಿದಳು.

ಸಂಜೆ ಇಡೆಲಾ ಮಗಳ ಗಲ್ಲ ಹಿಡಿದು ಕೇಳಿದಳು. "ಕೆನ್ನೆ ಯಾಕೆ ಊದಿದೆ?"

"ಬಿದ್ದೆ" ಅಂದಳು ವೀನಿ.

ಐಸಮ್ ತಟ್ಟೆ ನೋಡುತ್ತಾ ಕೂತಿದ್ದ.

ಮಾರನೆಯ ದಿನದಿಂದ ಅವಳು ಬುತ್ತಿಯನ್ನು ಗೇಟಿನ ಹತ್ತಿರ ಇಟ್ಟು ಹೋಗತೊಡಗಿದಳು. ಒಂದು ದಿನ ಅವನು ಓಡಿ ಹೋಗಿ ಹಿಡಿದ. "ಎಲ್ಲಿಗೆ ಹೋಗ್ತೀಯೇ ಈ ಬಿಸಿಲಲ್ಲಿ?"

"ಹೊಳೆಗೆ. ಹೊಳೆಗೆ ಯಾರೂ ಬೇಲಿ ಹಾಕಿಲ್ವಲ್ಲಪ್ಪಾ."

"ಅಮ್ಮ ಬೇಡ ಅಂದಿಲ್ವಾ?"

"ದಡದಲ್ಲಿ ಇರ್ತೀನಿ."

ಹೋಗಬೇಡ ಅನ್ನಬೇಕಿತ್ತು. ಅವಳ ಮೇಲೆ ಕೈ ಮಾಡಿದ ಮೇಲೆ ಬೇಡ ಅನ್ನುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಆ ಗುರುವಾರ ಕಳೆದು ಹನ್ನೆರಡು ದಿನವಾಗಿತ್ತು. ಮಧ್ಯಾಹ್ನ ಎರಡು ಗಂಟೆ ಇರಬೇಕು. ಪಕ್ಕದ ಮನೆಯ ಹುಡುಗಿ ಬೇಲಿಗೆ ಬಂದು ಬಡಿದುಕೊಂಡಳು. ಮೈಯೆಲ್ಲ ಒದ್ದೆ. "ವೀನಿ ಮುಳುಗಿದ್ಲು! ಮರಳು ತೆಗೆದ ಗುಂಡೀಲಿ! ಮೇಲೆ ಬರ್ತಾನೇ ಇಲ್ಲ!"

ಐಸಮ್‌ಗೆ ಈಜು ಬರುತ್ತಿರಲಿಲ್ಲ. ಏಳು ಬೇಸಿಗೆ ನೀರಿನ ಪಕ್ಕ ಕೆಲಸ ಮಾಡಿದವನು. ಕೊಳದ ಸುತ್ತ ಎತ್ತರದ ಕುರ್ಚಿಗಳಲ್ಲಿ ಮೂವರು ಕಾವಲಿನವರು ಕೂತಿದ್ದರು, ಮುಳುಗುವವರನ್ನು ಎತ್ತಲೆಂದೇ ಪಳಗಿಸಿದ ಬಿಳಿ ತರುಣರು. ಅವನು ಓಡಿದ. ಕ್ರೆನ್‌ಶಾನ ಮುಂದೆ ಕೈಮುಗಿದ.

"ದಣಿ, ನನ್ನ ಮಗು ಹೊಳೇಲಿ ಮುಳುಗಿದೆ. ಒಬ್ಬರನ್ನ ಕಳಿಸಿ ದಣಿ. ಅರ್ಧ ಮೈಲಿ. ಒಬ್ಬರನ್ನ."

"ಇಲ್ಲಿ ನೂರು ಮಕ್ಳಿದಾವೆ. ಅವನ್ನ ಬಿಟ್ಟು ಕಳಿಸೋಕಾಗುತ್ತೇನೋ?"

"ಮೂರು ಜನ ಇದಾರಲ್ಲ ದಣಿ."

ಹತ್ತಿರದ ಕುರ್ಚಿಯ ತರುಣ ಏಣಿ ಇಳಿಯತೊಡಗಿದ್ದ. "ನಾನು ಹೋಗ್ತೀನಿ ಸರ್."

"ಗೇಟು ದಾಟಿದ್ರೆ ಮತ್ತೆ ಇತ್ತ ಬರಬೇಡ" ಅಂದ ಕ್ರೆನ್‌ಶಾ.

ಆ ತರುಣನ ಒಂದು ಕಾಲು ನೆಲದ ಮೇಲಿತ್ತು, ಒಂದು ಏಣಿಯ ಮೇಲಿತ್ತು. ಹಾಗೇ ನಿಂತ. ಐಸಮ್ ಗೋಡೆಗೆ ತೂಗುಹಾಕಿದ್ದ ಹಗ್ಗ ಮತ್ತು ರಬ್ಬರಿನ ತೇಲುಚಕ್ರಕ್ಕೆ ಕೈ ಹಾಕಿದ. ಕ್ರೆನ್‌ಶಾ ಅದನ್ನು ಹಿಡಿದುಕೊಂಡ. "ಇದು ಪುರಸಭೆ ಸ್ವತ್ತು."

ಎಳೆದಾಡುವುದಕ್ಕೆ ಹೊತ್ತಿರಲಿಲ್ಲ. ಐಸಮ್ ಬರಿಗೈಲಿ ಓಡಿದ.

ಕತ್ತಿನ ತನಕ ನೀರಿಗೆ ಇಳಿದ. ಕಾಲಡಿಯ ಮರಳು ಜಾರಿತು. ಇಬ್ಬರು ಮೀನುಗಾರರು ಅವನ ಅಂಗಿ ಹಿಡಿದು ದಡಕ್ಕೆ ಎಳೆದರು. ಅವನು ಅವರಿಗೆ ಹೊಡೆದ, ಕಚ್ಚಿದ. ಹೊತ್ತು ಇಳಿಯುವಾಗ ಕೊಕ್ಕೆಗೆ ಅವಳ ಲಂಗ ಸಿಕ್ಕಿತು. ಆಗ ಇಡೆಲಾ ಬಂದಿದ್ದಳು. ಮಗಳ ತಲೆಯನ್ನು ಮಡಿಲಿಗೆ ಹಾಕಿಕೊಂಡು ಜಡೆಯಲ್ಲಿ ಸಿಕ್ಕಿದ್ದ ಮರಳನ್ನು ಒಂದೊಂದೇ ಕಾಳು ಹೆಕ್ಕಿದಳು. ಯಾರು ಎಬ್ಬಿಸಿದರೂ ಏಳಲಿಲ್ಲ.

ಶನಿವಾರ ಮಣ್ಣು ಮಾಡಿದರು. ಸೋಮವಾರ ಐಸಮ್ ಟೋಪಿ ತಗೊಂಡು ಹೊರಟ.

"ಅಲ್ಲಿಗೇ ಹೋಗ್ತೀಯಾ?" ಅಂದಳು ಇಡೆಲಾ.

"ಇನ್ನೆಲ್ಲಿಗೆ ಹೋಗ್ಲಿ? ಬೇರೆ ಯಾರು ಕೆಲಸ ಕೊಡ್ತಾರೆ?"

ಅವತ್ತಿನಿಂದ ಅವಳು ಊಟ ಬಡಿಸಿದಳು, ಬಟ್ಟೆ ಒಗೆದಳು, ಅವನಿಗೆ ಜ್ವರ ಬಂದರೆ ಪಕ್ಕದಲ್ಲಿ ಕೂತಳು. ಮಾತು ಮಾತ್ರ ಅಳೆದು ಆಡಿದಳು. ಉಪ್ಪು ಬೇಕಾ. ಮಳೆ ಬರ್ತಿದೆ. ಬಾಗಿಲು ಹಾಕು.

ಮರುವರ್ಷ ಯೂಲಾ ಬೀ ಮನೆಗೆ ಬಂದಳು. ಕೇರಿಯ ಹೆಂಗಸರಿಗೆ ತಲೆ ಬಾಚಿ ಕೂದಲು ತಿದ್ದುವ ಅಂಗಡಿ ಅವಳದು. ಬಿಳಿಯರ ಅನ್ನದ ಹಂಗಿಲ್ಲ, ಹಾಗಾಗಿ ನಾಲಿಗೆಗೂ ಹಂಗಿಲ್ಲ. ಚರ್ಚಿನ ಜನ ಸೇರಿ ಪುರಸಭೆ ಮೇಲೆ ದಾವಾ ಹೂಡುತ್ತಿದ್ದರು. ಊರಿನ ಕೊಳ ಊರಿನ ಎಲ್ಲ ಮಕ್ಕಳಿಗೂ ತೆರೆಯಬೇಕು ಅಂತ.

"ನಿಮ್ಮ ಹೆಸರು ಮೊದಲು ಇರ್ಬೇಕು ಐಸಮಣ್ಣ" ಅಂದಳು. "ನೀವು ಹೆತ್ತವರು."

ಐಸಮ್ ಕಾಗದ ನೋಡಿದ. "ನನ್ನ ಹೆಸರು ಹಾಕಿದ ದಿನವೇ ಕೆಲಸ ಹೋಗುತ್ತೆ ತಂಗಿ."

"ಹೋಗ್ಲಿ ಬಿಡಿ. ಅದೇನು ರಾಜನ ಪಟ್ಟವಾ?"

ಅವನು ಕೈ ಮುಂದೆ ಮಾಡಲಿಲ್ಲ. ಒಲೆಯ ಹತ್ತಿರ ಇದ್ದ ಇಡೆಲಾ ಬಂದು, ಕೈ ಒರೆಸಿಕೊಂಡು, ಪೆನ್ನು ತಗೊಂಡು ಸಹಿ ಹಾಕಿದಳು. ಗಂಡನ ಕಡೆ ನೋಡಲಿಲ್ಲ.

ಅವಳು ಅಡುಗೆ ಮಾಡುತ್ತಿದ್ದ ಮೂರು ಬಿಳಿಯರ ಮನೆಗಳೂ ಒಂದೇ ವಾರದಲ್ಲಿ ಅವಳನ್ನು ಬಿಡಿಸಿದವು. ಕಿಟಕಿಗೆ ಕಲ್ಲು ಬಿತ್ತು. ಯೂಲಾ ಬೀ ಅಂಗಡಿಗೆ ಬೆಂಕಿ ಇಟ್ಟರು. ಐಸಮ್‌ನ ಕೆಲಸ ಮಾತ್ರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದು ನ್ಯಾಯಾಲಯದಲ್ಲಿ ತಿಳಿಯಿತು. ಪುರಸಭೆಯ ವಕೀಲ ಅವನನ್ನೇ ಸಾಕ್ಷಿಗೆ ಕರೆದ.

"ಐಸಮ್, ಕೊಳದಲ್ಲಿ ಎಷ್ಟು ವರ್ಷದಿಂದ ಕೆಲಸ?"

"ಎಂಟು ವರ್ಷ ದಣಿ."

"ಯಾರಾದ್ರೂ ನಿನ್ನ ಕೆಟ್ಟದಾಗಿ ನಡೆಸ್ಕೊಂಡಿದ್ದಾರಾ?"

ಕ್ರೆನ್‌ಶಾ ಎರಡನೇ ಸಾಲಿನಲ್ಲಿದ್ದ. ಮಹಡಿ ಮೇಲೆ, ಕರಿಯರಿಗೆ ಬಿಟ್ಟ ಬೆಂಚುಗಳಲ್ಲಿ, ಇಡೆಲಾ ಇದ್ದಳು.

"ಇಲ್ಲ ದಣಿ."

"ನಿನಗೆ ಏನಾದ್ರೂ ದೂರು ಇದೆಯಾ?"

"ಇಲ್ಲ."

"ಜೋರಾಗಿ ಹೇಳು."

"ಇಲ್ಲ ದಣಿ. ದೂರಿಲ್ಲ."

ಇಡೆಲಾಳನ್ನೂ ಕರೆದರು. ವಕೀಲ ನಗುನಗುತ್ತಾ ಕೇಳಿದ. "ನಿನ್ನ ಮಗು ಸತ್ತಿದ್ದು ಹೊಳೇಲಿ. ಅದಕ್ಕೂ ನಮ್ಮ ಕೊಳಕ್ಕೂ ಏನು ಸಂಬಂಧ?"

"ಅವಳಪ್ಪ ತೋಡಿದ ಕೊಳ ಇತ್ತು. ಅದನ್ನ ಬಿಟ್ಟು ಹೊಳೆಗೆ ಹೋದ್ಲು. ಅದೇ ಸಂಬಂಧ."

ಮಹಡಿ ಮೇಲೆ ಯಾರೋ ಹೌದು ಅಂದರು. ನ್ಯಾಯಾಧೀಶ ಸುತ್ತಿಗೆ ಬಡಿದ.

ಆ ದಿನ ಐಸಮ್ ಮನೆಗೆ ಒಬ್ಬನೇ ನಡೆದು ಬಂದ. ಕೇರಿಯಲ್ಲಿ ಯಾರೂ ಅವನಿಗೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟಾಲಿವರ್ ಕೂಡ ತಮಾಷೆ ಮಾಡಲಿಲ್ಲ.

ದಾವಾ ಐದು ವರ್ಷ ಎಳೆಯಿತು. ಕೆಳಗಿನ ಕೋರ್ಟಿನಲ್ಲಿ ಸೋತರು, ಮೇಲಕ್ಕೆ ಹೋದರು. ಕಾಲೇಜಿನ ಕರಿಯ ಹುಡುಗರು ಬಂದು ಕೊಳಕ್ಕೆ ಹಾರಿದರು, ತಲೆ ಒಡೆಸಿಕೊಂಡು ಜೈಲಿಗೆ ಹೋದರು. ಅವರ ರಕ್ತ ಬಿದ್ದ ಸಿಮೆಂಟನ್ನು ತೊಳೆದವನು ಐಸಮ್. ಅರವತ್ತೆರಡರ ಮೇ ತಿಂಗಳಲ್ಲಿ ತೀರ್ಪು ಬಂತು. ಕೊಳವನ್ನು ಎಲ್ಲರಿಗೂ ತೆರೆಯತಕ್ಕದ್ದು.

ಆ ಭಾನುವಾರ ಚರ್ಚಿನಲ್ಲಿ ಮುದುಕಿಯರು ಕುಣಿದರು. ಹಾಡು ನಿಲ್ಲಲೇ ಇಲ್ಲ. ತಾಯಂದಿರು ಅಲ್ಲೇ ಕೂತು ಮಕ್ಕಳ ಹಳೇ ಚಡ್ಡಿಗಳಿಗೆ ಲಾಡಿ ಹೊಲಿದರು, ನಾಳೆ ನೀರಿಗೆ ಇಳಿಯಲು. ಇಡೆಲಾ ಹಾಡಲಿಲ್ಲ, ಹೊಲಿದಳು. ಬೇರೆಯವರ ಮಕ್ಕಳ ಚಡ್ಡಿ. ಹಿಂದಿನ ಬೆಂಚಿನಿಂದ ಐಸಮ್ ಅವಳ ಕೈಗಳನ್ನೇ ನೋಡುತ್ತಿದ್ದ.

ಸೋಮವಾರ ಬೆಳಿಗ್ಗೆ ಅವನು ಹೋದಾಗ ಕೊಳದ ಸುತ್ತ ಆರು ಲಾರಿ ನಿಂತಿದ್ದವು. ಲಾರಿಗಳ ತುಂಬ ಕೆಂಪು ಮಣ್ಣು. ಶನಿವಾರವೇ ನೀರು ಬಿಟ್ಟಿದ್ದರು. ಪುರಸಭೆಯವರು ಬಾಗಿಲು ಹಾಕಿಕೊಂಡು ಸಭೆ ಮಾಡಿ, ಕೊಳ ಮುಚ್ಚುವುದು ಅಂತ ಕೈ ಎತ್ತಿದ್ದರು. ಕೋರ್ಟು ಎಲ್ಲರಿಗೂ ತೆರೆಯಿರಿ ಅಂದಿದೆ, ಕೊಳ ಇರಲೇಬೇಕು ಅಂದಿಲ್ಲ. ಕರಿಯ ಮಗುವಿನ ಜೊತೆ ಒಂದೇ ನೀರಿಗೆ ಇಳಿಯುವುದಕ್ಕಿಂತ ತಮ್ಮ ಮಕ್ಕಳಿಗೂ ನೀರು ಬೇಡ ಅಂದರು.

ಐಸಮ್ ಸೇರಿ ಹನ್ನೊಂದು ಜನ ಕೂಲಿಗಳನ್ನು ಸಾಲಾಗಿ ನಿಲ್ಲಿಸಿದರು. ಹನ್ನೊಂದೂ ಕರಿಯರೇ. ತೋಡುವುದಕ್ಕೂ ಅವರೇ, ಹೂಳುವುದಕ್ಕೂ ಅವರೇ. ಟಾಲಿವರ್ ಇದ್ದ, ಈಗ ಹಲ್ಲಿಲ್ಲದ ಮುದುಕ. ಬೇಲಿಯಾಚೆ ಚಡ್ಡಿ ತೊಟ್ಟ ಮಕ್ಕಳು ತಾಯಂದಿರ ಕೈ ಹಿಡಿದು ನಿಂತಿದ್ದವು.

ಮೊದಲ ಲಾರಿ ಹಿಂಭಾಗ ಎತ್ತಿ ಮಣ್ಣು ಸುರಿಯಿತು. ಧೂಳು ಎದ್ದಿತು.

"ಸಲಿಕೆ ತಗೊಳ್ಳೋ ಹುಡುಗ" ಅಂದ ಕ್ರೆನ್‌ಶಾ. "ಮೂಲೆಗೆ ಎಳೆದು ಸಮ ಮಾಡು."

ಐಸಮ್ ಸಲಿಕೆ ತಗೊಂಡ. ಅಂಚಿನ ತನಕ ಹೋದ. ಮೆಟ್ಟಿಲು ಕಂಡಿತು. ಉಜ್ಜಿ ಉಜ್ಜಿ ನೀಲಿ ಬಣ್ಣ ಹೋಗಿ ಬೆಳ್ಳಗಾದ ಮೆಟ್ಟಿಲು. ಅವನು ನಿಂತ.

"ಏನೋ?"

"ನಾನು ಹಾಕಲ್ಲ."

"ಏನಂದೆ?"

"ಮಣ್ಣು. ನಾನು ಹಾಕಲ್ಲ. ಬೇಕಾದ್ರೆ ನೀನೇ ಹಾಕ್ಕೋ."

ನೀನು ಅಂದಿದ್ದ. ನಲವತ್ತಮೂರು ವರ್ಷದಲ್ಲಿ ಬಿಳಿಯನೊಬ್ಬನಿಗೆ ಮೊದಲ ಸಲ ನೀನು ಅಂದಿದ್ದ. ಕ್ರೆನ್‌ಶಾನ ಕುತ್ತಿಗೆ ಕೆಂಪೇರಿತು. ಐಸಮ್ ಸಲಿಕೆಯನ್ನು ನೆಲಕ್ಕೆ ಬಿಟ್ಟ. ಮೆಟ್ಟಿಲಿಳಿದ. ಇಳಿಜಾರಿನಲ್ಲಿ ನಡೆದು ಕೊಳದ ಆಳದ ತುದಿಗೆ ಹೋಗಿ ನಡುವೆ ಕೂತ.

"ಸುರೀರೋ ಅವನ ಮೇಲೆ!" ಕ್ರೆನ್‌ಶಾ ಕೂಗಿದ.

ಎರಡನೇ ಲಾರಿಯ ಚಾಲಕ ಬಿಳಿಯ. ಕೆಳಗೆ ನೋಡಿದ. "ಆಳು ಕೂತಿದಾನಲ್ರೀ" ಅಂದ.

"ಏಳ್ತಾನೆ. ಸುರಿ."

ಚಾಲಕ ಸುರಿದ. ಹೆಂಟೆಗಳು ಉರುಳಿ ಐಸಮ್‌ನ ಬೆನ್ನಿಗೆ, ತಲೆಗೆ ಬಡಿದವು. ಸೊಂಟದ ತನಕ ಮಣ್ಣು ಬಂತು. ಬೇಲಿಯ ಇನ್ನೊಂದು ಕಡೆ ಸೇರಿದ್ದ ಹತ್ತಿ ಗಿರಣಿಯ ಬಿಳಿಯರು ಕೇಕೆ ಹಾಕಿದರು. ಅವನು ಏಳಲಿಲ್ಲ. ಹುಬ್ಬಿನಿಂದ ರಕ್ತ ಇಳಿದು ಬಾಯಿಗೆ ಬಂತು. ಮಗಳ ಹೆಸರು ಹೇಳಿದ. ಆರು ವರ್ಷದಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಮೆಲ್ಲಗೆ ಹೇಳಿದ, ಆಮೇಲೆ ಕೂಗಿ ಹೇಳಿದ.

"ವೀನಿ! ಅವಳ ಹೆಸರು ವೀನಿ! ಹನ್ನೊಂದು ವರ್ಷ! ದೂರಿದೆ ನನಗೆ! ದೂರಿದೆ!"

ಮೇಲೆ ಸಲಿಕೆ ಬಿದ್ದ ಸದ್ದಾಯಿತು. ಟಾಲಿವರ್‌ದು. ಅವನ ಪಕ್ಕದವನದು. ಐದು ಸಲಿಕೆ ಬಿದ್ದವು. ಉಳಿದ ಐವರು ಬಿಡಲಿಲ್ಲ, ಅವರಿಗೂ ಮನೆಯಲ್ಲಿ ಮಕ್ಕಳಿದ್ದವು. ತಲೆ ತಗ್ಗಿಸಿ ನಿಂತರು. ಕ್ರೆನ್‌ಶಾ ಕರೆಸಿದ ಪೊಲೀಸರು ಇಳಿದು ಬಂದು ಐಸಮ್‌ನ ಕಾಲು ಹಿಡಿದು ಎಳೆದರು. ಲಾಠಿಯಿಂದ ಹೊಡೆದರು. ಬಲಗೈಯ ಎರಡು ಬೆರಳು ಮುರಿದವು.

ಅವನಿಗೆ ಅರವತ್ತು ದಿನ ಜಿಲ್ಲಾ ಬಂದಿಖಾನೆಯ ಹೊಲದಲ್ಲಿ ದುಡಿಯುವ ಶಿಕ್ಷೆ ಆಯಿತು. ಮುರಿದ ಬೆರಳಲ್ಲೇ ಹತ್ತಿ ಗಿಡದ ಕಳೆ ತೆಗೆದ. ಮೂರನೇ ಭಾನುವಾರ ಇಡೆಲಾ ಬಂದಳು. ತಂತಿಬಲೆಯ ಆಚೆ ನಿಂತಳು. ಬಹಳ ಹೊತ್ತು ಅವನ ಬೆರಳುಗಳನ್ನು ನೋಡಿದಳು.

"ಮುಚ್ಚಿಬಿಟ್ರು" ಅಂದಳು. "ಬೇರೆ ಊರಿನ ಕೂಲಿಗಳನ್ನ ತಂದು. ಹುಲ್ಲು ಹಾಕಿದಾರೆ ಮೇಲೆ."

"ಗೊತ್ತಾಯ್ತು."

ಹೇಳಬೇಕಾದ್ದು ಇನ್ನೊಂದಿತ್ತು. "ಇಡೆಲಾ, ಅವತ್ತು ಅವಳು ಕಾಲಿಟ್ಟಾಗ ನಾನು..."

"ಹೊಡೆದೆ. ಎರಡು ಸಲ."

ಅವನು ತಲೆ ಎತ್ತಿದ.

"ಅವತ್ತೇ ರಾತ್ರಿ ಹೇಳಿದ್ಲು. ಹಾಸಿಗೇಲಿ, ಕಿವೀಲಿ. ಅಪ್ಪನ್ನ ಕೇಳ್ಬೇಡಮ್ಮ, ಕೇಳಿದ್ರೆ ಅಪ್ಪ ಅಳ್ತಾನೆ ಅಂದ್ಲು. ಅದಕ್ಕೇ ಕೇಳ್ಲಿಲ್ಲ ನಾನು. ನೀನೇ ಹೇಳ್ತೀಯ ಅಂತ ಕಾದೆ."

ಐಸಮ್ ತಂತಿಗೆ ಹಣೆ ಇಟ್ಟ. ಕಾವಲಿನವನು ಹಿಂದಕ್ಕೆ ಸರಿ ಅಂತ ಬೈದ. ಸರಿಯಲಿಲ್ಲ. ಮಗಳು ಹೇಳಿದ ಹಾಗೆಯೇ ಅತ್ತ. ಇಡೆಲಾ ತಂತಿಯ ಕಣ್ಣಿನಲ್ಲಿ ಬೆರಳು ತೂರಿಸಿ ಅವನ ಕೆನ್ನೆ ಮುಟ್ಟಿದಳು.

ಬಿಡುಗಡೆಯಾಗಿ ಬಂದಮೇಲೆ ಊರಲ್ಲಿ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಹೊಳೆದಡದಲ್ಲಿ ಮೀನು ಹಿಡಿದು ಕೇರಿಯಲ್ಲಿ ಮಾರಿದ. ಹಣವಿದ್ದ ಬಿಳಿಯರು ಊರಾಚೆ ತಮ್ಮದೇ ಒಂದು ಕ್ಲಬ್ಬು ಕಟ್ಟಿ, ಸದಸ್ಯರಿಗಷ್ಟೇ ಅಂತ ಹೊಸ ಕೊಳ ತೋಡಿಸಿದರು. ಹತ್ತಿ ಗಿರಣಿಯಲ್ಲಿ ದುಡಿಯುವ ಬಿಳಿಯರಿಗೆ ಅಲ್ಲಿ ಸದಸ್ಯರಾಗುವ ತಾಕತ್ತು ಇರಲಿಲ್ಲ. ಅವರ ಮಕ್ಕಳೂ ಈಗ ಹೊಳೆಗೆ ಬರತೊಡಗಿದವು.

ಅರವತ್ತಮೂರರ ಬೇಸಿಗೆಯಲ್ಲಿ ಗಿರಣಿ ಕೇರಿಯ ಒಂದು ಮಗು ಹೊಳೆಯಲ್ಲಿ ಹೋಯಿತು. ಒಂಬತ್ತು ವರ್ಷದ್ದು. ಸುದ್ದಿ ತಂದವನು ಐಸಮ್. ಮರುದಿನ ಬೆಳಿಗ್ಗೆ ಇಡೆಲಾ ಎದ್ದು ಕೋಳಿ ಕೊಯ್ದು, ಹಿಟ್ಟಿನ ಉಂಡೆ ಬಿಟ್ಟು, ದೊಡ್ಡ ಪಾತ್ರೆ ತುಂಬ ಸಾರು ಮಾಡಿದಳು.

"ಯಾರಿಗೆ?" ಅಂದ.

"ಆ ಹೆಂಗಸು ಇವತ್ತು ಒಲೆ ಹಚ್ಚಿರಲ್ಲ."

"ಅವರು ಆರಿಸಿದ ಪುರಸಭೆಯವರೇ ಅಲ್ವೇನೇ ಕೊಳ ಮುಚ್ಚಿದ್ದು? ನನ್ನ ಮೇಲೆ ಮಣ್ಣು ಸುರಿದಾಗ ಬೇಲಿ ಹತ್ರ ನಿಂತು ಕೇಕೆ ಹಾಕಿದ್ದು ಗಿರಣಿಯವರೇ."

"ಗೊತ್ತು. ನೀನು ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ."

ಪಾತ್ರೆ ಅವನೇ ಹೊತ್ತ. ಗಿರಣಿ ಕೇರಿಯ ಒಂದೇ ಥರದ ಮನೆಗಳ ಜಗುಲಿಗಳಲ್ಲಿ ಜನ ಎದ್ದು ನಿಂತು ನೋಡಿದರು. ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದ ಮನೆಯ ಮುಂದೆ ಇಡೆಲಾ ಪಾತ್ರೆ ಇಸಕೊಂಡು ಮೂರು ಮೆಟ್ಟಿಲು ಹತ್ತಿದಳು. ಐಸಮ್ ರಸ್ತೆಯಲ್ಲಿ ನಿಂತ.

ಬಾಗಿಲು ತೆರೆದವಳು ಎಳೇ ಹೆಂಗಸು. ಅತ್ತು ಅತ್ತು ಮುಖ ಬಾತಿತ್ತು. ಪಾತ್ರೆ ನೋಡಿದಳು. ಇಡೆಲಾಳನ್ನು ನೋಡಿದಳು. ಕೈ ಮುಂದೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಅಕ್ಕಪಕ್ಕದ ಜಗುಲಿಗಳ ಕಡೆ ಹೋಯಿತು. ಕೈ ಹಿಂದಕ್ಕೆ ಹೋಯಿತು.

"ಹಿಂದಿನ ಬಾಗಿಲಿಗೆ ಬಾ" ಅಂದಳು.

ಇಡೆಲಾ ಅಲ್ಲೇ ನಿಂತಿದ್ದಳು. "ನನ್ನ ಮಗೂನೂ ಅದೇ ಹೊಳೇಲಿ ಹೋದ್ಲು ತಾಯಿ. ನಿಮ್ಮ ಸಂಕಟ ನಂಗೊತ್ತು, ಅದಕ್ಕೇ ಬಂದೆ. ಹಿಂದಿನ ಬಾಗಿಲಿಗೆ ಬರಲ್ಲ."

ಪಾತ್ರೆಯನ್ನು ಮೇಲಿನ ಮೆಟ್ಟಿಲ ಮೇಲೆ ಇಟ್ಟಳು. ಮುಚ್ಚಳ ಸರಿಮಾಡಿದಳು. ಇಳಿದು ಬಂದಳು.

"ನಡಿ" ಅಂದಳು. "ತಿರುಗಿ ನೋಡ್ಬೇಡ."

ನಾಲ್ಕು ಮನೆ ದಾಟುವಷ್ಟರಲ್ಲಿ ಅವಳ ಭುಜ ಅಲುಗತೊಡಗಿತು. ಐಸಮ್ ಅವಳ ತೋಳು ಹಿಡಿದುಕೊಂಡ. ತಿರುಗಿ ನೋಡಿದ. ಬಾಗಿಲು ಮುಚ್ಚಿತ್ತು. ಪಾತ್ರೆ ಮೆಟ್ಟಿಲ ಮೇಲೇ ಇತ್ತು. ಮುಚ್ಚಳದ ಸಂದಿಯಿಂದ ಇನ್ನೂ ಆವಿ ಬರುತ್ತಿತ್ತು.